ಸೋಸುವ ತೊಟ್ಟಿ

ನಮ್ಮ ಬಡಾವಣೆಯ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕಕ್ಕೆ ಬೀಗ ಬಿದ್ದಿದೆ. ಬೆಳಿಗ್ಗೆ ಕಡಲ ಕಡೆ ನಡೆಯಲು ಹೋದಾಗ ಅದರ ಗೇಟಿನ ಮುಂದೆ ಆ ವಾಸನೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದಿರಿ, ನಾನು ನಿಂತುಬಿಟ್ಟೆ. ನೀರೆಲ್ಲ ಈಗ ಎಲ್ಲಿಗೆ ಹೋಗುತ್ತೆ ಅಂತ ಕಾವಲುಗಾರನನ್ನು ಕೇಳಿದೆ.

"ಮೀನುಗಾರರ ಕೇರಿ ಹತ್ರ ಸಂಘದವ್ರು ಪೈಪ್ ಹಾಕಿದ್ರಲ್ಲ, ಸೀದಾ ಕಡಲಿಗೆ. ಕಡಲು ದೊಡ್ಡದಲ್ವಾ ಮಾರಾಯ್ರೆ!"

ಈ ಮಾತನ್ನು ನಾನು ಐವತ್ತರ ದಶಕದಲ್ಲೇ ಕೇಳಿದ್ದೆ, ಕಡಲಿಲ್ಲದ ಊರಿನಲ್ಲಿ.

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ, ಹೊಳೆದಂಡೆಯ ಊರು ನಮ್ಮದು. ಹೆಸರು ಬೇಡ; ಹೇಳಿದರೆ ನಮ್ಮವರೇ ಹಾಗೇನೂ ಆಗಲಿಲ್ಲ ಅಂತಾರೆ. ಹೊಳೆಯ ಮೇಲುಭಾಗದಲ್ಲಿ ನಮ್ಮ ಕಲ್ಲು ಮೆಟ್ಟಿಲು. ಕೆಳಗಿನ ಕೇರಿಯವರಿಗೆ ಮೆಟ್ಟಿಲಿರಲಿಲ್ಲ. ಇನ್ನೂ ಕೆಳಗೆ ಮರಳಲ್ಲಿ ಒರತೆ ತೋಡಿ ಕೊಡ ತುಂಬಿಕೊಳ್ಳುತ್ತಿದ್ದರು. ಊರ ಮೋರಿ ನಮ್ಮ ಮೆಟ್ಟಿಲಿಗಿಂತ ಮೇಲೆ ಬಂದು ಹೊಳೆಗೆ ಬೀಳುತ್ತಿತ್ತು. ಒಂದು ದಿನ ಲಿಂಗಪೂಜೆಗೆ ಮುಂಚೆ ಸ್ನಾನಕ್ಕಿಳಿದ ದೊಡ್ಡಪ್ಪನ ಹೆಗಲಿಗೆ ಏನೋ ತೇಲಿಬಂದು ಅಂಟಿಕೊಂಡಿತಂತೆ. ಏನೆಂದು ಅವರು ಕಡೆಯವರೆಗೂ ಬಾಯಿಬಿಡಲಿಲ್ಲ. ಆದರೆ ಊರಿಗೆ ಸೋಸುವ ತೊಟ್ಟಿ ಬಂತು. ಜಲ್ಲಿ, ಇದ್ದಿಲು, ಮರಳು ತುಂಬಿದ ಆ ಇಟ್ಟಿಗೆ ತೊಟ್ಟಿಯಲ್ಲಿ ಇಳಿದ ಮೋರಿ ನೀರು ಸಾಕಷ್ಟು ತಿಳಿಯಾಗಿ ಹೊರಬರುತ್ತಿತ್ತು. ಮರಳು ಬದಲಿಸುವಾಗ ಊರಿನ ಯಜಮಾನರಾದ ದೊಡ್ಡಪ್ಪನೇ ಕೋಲೂರಿ ನಿಲ್ಲುತ್ತಿದ್ದರು. ನೆಂಟರು ಬಂದರೆ ಗುಡಿಗಿಂತ ಮೊದಲು ತೊಟ್ಟಿಯ ದರ್ಶನ.

ಆಮೇಲೆ ಯಾರೋ ಸುಲಭದ ದಾರಿ ತೋರಿಸಿದರು. ಮೋರಿಯನ್ನೇ ಉದ್ದ ಮಾಡಿ ನಮ್ಮ ಮೆಟ್ಟಿಲು ದಾಟಿಸಿದರೆ? ದಾಟಿಸಿದರು. ಅಲ್ಲಿಂದಾಚೆಗೆ ತೊಟ್ಟಿ ಹೊಸ ಮರಳು ಕಾಣಲಿಲ್ಲ, ಮುಚ್ಚಿಹೋಯಿತು.

"ಇನ್ಯಾಕ್ಲಾ ಸೋಸೋದು?" ಅಂದರು ದೊಡ್ಡಪ್ಪ. "ಹೊಳೆ ದೊಡ್ದು, ಬುಡು."

ನಾನಾಗ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದೆ. ನೀರು ಕೆಳಕ್ಕೆ ಹರಿಯುತ್ತದೆ ಎಂಬುದಕ್ಕಿಂತ ಆಳವಾದ ಸತ್ಯಗಳ ಹುಡುಕಾಟದಲ್ಲಿದ್ದೆ. ರಜಕ್ಕೆ ಬಂದು ಜಗಲಿಯಲ್ಲಿ ಕೂತಿದ್ದಾಗ ಕೆಳಗಿನ ಕೇರಿಯ ಕೆಂಪಮ್ಮ ಬಂದಳು. ನಮ್ಮ ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಬರುತ್ತಿದ್ದವಳು. ಸೊಂಟದ ಕೊಡವನ್ನು ಇಳಿಸಿ ಜಗಲಿಯ ಮೇಲೆ, ಹೌದು, ಜಗಲಿಯ ಮೇಲೆಯೇ ಇಟ್ಟಳು.

"ಏನಮ್ಮಿ ಇದು?" ದೊಡ್ಡಪ್ಪ ಧಡಕ್ಕನೆ ಎದ್ದರು.

"ನಮ್ ಒರ್ತೆ ನೀರು ಬುದ್ಧಿ. ಒಂದ್ ಗುಟ್ಕು ಕುಡೀರಿ."

"ತೆಗಿಯಮ್ಮಿ ಮೊದ್ಲು, ಮೈಲಿಗೆ!"

"ಊಂ ಬುದ್ಧಿ, ಮೈಲ್ಗೆನೇಯ. ಆದ್ರೆ ನಂದಲ್ಲ, ನಿಮ್ಮನೇದು. ನಮ್ಮ ಮೊಮ್ಮಗ ಇದ್ನ ಕುಡ್ದು ವಾಂತಿಬೇದಿ ಅಂತ ಮನಗವ್ನೆ. ಅದ್ಕೇ ವಾಪಸ್ ತಂದಿವ್ನಿ."

'ವಾಪಸ್' ಅವಳು ಆಡಿದ ಮಾತೋ, ನಾನು ಆಮೇಲೆ ಸೇರಿಸಿದ್ದೋ? ಹಳೆಯ ದಿನಚರಿಯಲ್ಲಿ ಹಾಗೆಯೇ ಇದೆ. ಬರೆದವನು ನಾನೇ ಆದ್ದರಿಂದ ಪೂರ್ತಿ ನಂಬಲಾರೆ. ಆದರೆ ಮುಂದಿನದರಲ್ಲಿ ಅನುಮಾನವಿಲ್ಲ. ಅವಳು ಹೋದ ಮೇಲೆ ದೊಡ್ಡಮ್ಮ ಜಗಲಿಗೆ ಕೊಡಗಟ್ಟಲೆ ನೀರು ಸುರಿದು, ಸಗಣಿ ಬಳಿದು, ಮತ್ತೆ ತೊಳೆದರು. ತೊಳೆದ ನೀರು ಮೋರಿಗೆ ಹೋಯಿತು. ಮೋರಿ ಎಲ್ಲಿಗೆ ಹೋಗುತ್ತಿತ್ತೆಂದು ನಿಮಗೆ ಗೊತ್ತು.

ಹುಡುಗ ಉಳಿಯಲಿಲ್ಲ. ಊರು ಅದನ್ನು ವಿಧಿ ಅಂದಿತು. ವಿಧಿಗೆ ಇಳಿಜಾರು ಎಷ್ಟು ಚೆನ್ನಾಗಿ ಗೊತ್ತು ನೋಡಿ! ನಮ್ಮ ಮೆಟ್ಟಿಲನ್ನು ಅದು ಒಂದು ಸಲವೂ ಹತ್ತಲಿಲ್ಲ.

ಇವತ್ತು ಬೀಗ ಬಿದ್ದ ಘಟಕದ ಗೇಟಿನ ಮುಂದೆ ಇನ್ನೂ ನಿಂತೇ ಇದ್ದೆ. ಕೈಯಲ್ಲಿದ್ದ ಬಾಟಲಿಯ ನೀರನ್ನು ಚೆಲ್ಲಿ ಪೈಪಿನ ಬಾಯಿವರೆಗೆ ನಡೆದೆ. ಬಗ್ಗಿ ತುಂಬಿಸಿಕೊಳ್ಳುವಾಗ, ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಕೂಗಿದಳು: "ಅಜ್ಜಾ, ಅದು ತೀರ್ಥ ಅಲ್ಲ ಮಾರಾಯ್ರೆ!" ಉಳಿದವರು ನಕ್ಕರು.

ಬಡಾವಣೆಯ ಸಂಘದ ಅಧ್ಯಕ್ಷರು ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದರು. ಬಾಟಲಿಯ ಮುಚ್ಚಳ ತೆಗೆದು ಅವರ ಲೋಟದ ಪಕ್ಕದಲ್ಲಿಟ್ಟೆ.

"ಥೂ, ಏನ್ ಸಾರ್ ಇದು?"

"ನಮ್ಮದೇ," ಅಂದೆ. "ವಾಪಸ್ ತಂದಿದ್ದೇನೆ."