ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದದ್ದು

ಆ ಚಳಿಯಲ್ಲಿ ಮಳೆ ಬರುವುದಿಲ್ಲ, ಆದರೂ ಬರಬಹುದಿತ್ತು. ಜೋಳದ ದಂಟಿನ ಗುಡಿಸಲು ಗಾಳಿಗೆ ಮಗುಚಬಹುದಿತ್ತು. ಒಲೆಯ ಕಿಡಿ ಪಕ್ಕದ ಹೊಲದ ಕಡಲೆಗೆ ಹಾರಬಹುದಿತ್ತು. ಜೇನು ಏಳಬಹುದಿತ್ತು. ಇದೆಲ್ಲ ಬಿಟ್ಟು, ಊಟಕ್ಕೆ ಕರೆದರೂ ಯಾರೂ ಬರದೆಯೇ ಇರಬಹುದಿತ್ತು.

ಎಳ್ಳಮಾವಾಸ್ಯೆಯ ದಿನ ಗಡಿಯಾಚೆಯ ನಮ್ಮ ಉಮರ್ಗಾದಲ್ಲಿ ಪೇಟೆ ಮುಚ್ಚಿ ಊರಿಗೂರೇ ಹೊಲದಲ್ಲಿರುತ್ತದೆ. ಹೊಲವಿದ್ದವರು ಭೂತಾಯಿಗೆ ಎಡೆ ಹಿಡಿದು, ಇಲ್ಲದವರನ್ನು ಕರೆದು ಉಣಿಸುತ್ತಾರೆ. ಕಿರಾಣಿ ಅಂಗಡಿಯ ನಾವು ಕರೆಸಿಕೊಂಡು ಉಂಡವರೇ. ಹಾಗಾಗಿ ಗುಂಜೋಟಿ ದಾರಿಯಲ್ಲಿ ಒಂದು ತುಂಡು ಹೊಲ ಕೊಂಡಾಗ ಹೆಂಡತಿ ಬೆಳೆಯ ಮಾತೇ ಎತ್ತಲಿಲ್ಲ. ಹಸಿ ಕಾಳು, ಸೊಪ್ಪು, ಕಡಲೆಹಿಟ್ಟು ಕೂಡಿಸಿ ಕುದಿಸುವ ಹಬ್ಬದ ಭಜ್ಜಿಯನ್ನು ತನ್ನ ಹೊಲದಲ್ಲಿ ತಾನೇ ಮಂದಿಗೆ ಬಡಿಸಬೇಕು ಎಂದಳು, ಅಷ್ಟೇ.

ಮಳೆಯಿಂದ ಹಿಡಿದು ಜೇನಿನವರೆಗೆ ನಾನು ಯೋಚಿಸತೊಡಗಿದೆ. ಆ ದಿನ ಒಬ್ಬೊಬ್ಬರಿಗೂ ಐದಾರು ಹೊಲದ ಕರೆ. ಯಾರನ್ನು ಮೊದಲು ಕರೆಯುವುದು, ಯಾರು ಮುನಿಯುತ್ತಾರೆ ಎಂದು ತೂಗುವಷ್ಟರಲ್ಲಿ ಹಬ್ಬವೇ ದಾಟಿಹೋಯಿತು. ಆ ವರ್ಷವೂ ಮಂದಿಯ ಹೊಲದಲ್ಲೇ ಉಂಡೆವು.

ಮರುವರ್ಷ ಮೊಬೈಲಿನಲ್ಲಿ ಕರೆಯ ಸಾಲುಗಳನ್ನು ತಿದ್ದುತ್ತ ಕೂತಿದ್ದಾಗ ಹೆಂಡತಿ ಗಾಡಿಯ ಕೀಲಿ ತಂದು ಮುಂದಿಟ್ಟಳು.

“ಫೋನಿನಾಗ ಕರದ್ರ ಹೊಲಕ್ಕ ಯಾರ್ ಬರ್ತಾರ್ರೀ? ಹೊಸ್ತಲಿಗಿ ಹೋಗಿ ಕರೀರಿ.”

“ಬರಂಗಿಲ್ಲ ಅಂದ್ರ?”

“ಅಂದ್ರ ಅಂತಾರ. ಹಿಡದು ಹೊಡೀತಾರೇನು?”

ಉತ್ತರ ಹುಡುಕಿದರೆ ಸಂಜೆಯಾದೀತು ಎಂದು ಗಾಡಿ ಹತ್ತಿದೆ. ನಿಲಂಗಾದಲ್ಲಿ, ಭಾವನಾದ ನನ್ನನ್ನು ದಾಜಿ ಎನ್ನುವ ನಾದಿನಿ ಬಾಗಿಲು ತೆರೆದಳು. ಕ್ಷೇಮ ಕೂಡ ಕೇಳದೆ, “ಅಮಾಸಿಗಿ ನಮ್ಮ ಹೊಲಕ್ಕ ಬರ್ರಿ” ಎಂದುಬಿಟ್ಟೆ.

“ದಾಜಿ, ನೀವು ವಿಚಾರ ಮಾಡಿ ಕರಿಯೋದ್ರಾಗ ನಮ್ಮ ಹಲ್ಲು ಬೀಳ್ತಾವ ಅಂತ ತಿಳದಿದ್ದೆ. ಬರ್ತೀವಿ.”

ಅದೇ ಜೋರಿನಲ್ಲಿ ಉದಗೀರಕ್ಕೆ ಹೋದೆ. ಕಾಳಿನ ಅಂಗಡಿಯ ಗಾದಿಯ ಮೇಲೆ ಕೂತಿದ್ದ ಹೆಂಡತಿಯ ಅಣ್ಣ ತಲೆ ಕೆರೆದುಕೊಂಡ. “ಇನ್ನೊಬ್ಬರಿಗಿ ಬರ್ತೀನಂತ ಜಬಾನ ಕೊಟ್ಟೀನಲ್ಲೋ. ಇರ್ಲಿ, ಅಲ್ಲಿ ಎರಡು ತುತ್ತು ಉಂಡಂಗ ಮಾಡಿ, ಹೊಟ್ಟಿ ಖಾಲಿ ಇಟಗೊಂಡು ನಿಮ್ಮ ಕಡಿ ಬರ್ತೀನಿ.” ಮರಳುವಾಗ ಧೈರ್ಯ ಹೆಚ್ಚಾಗಿ, ದಾರಿಯ ಚಹಾದ ಹೋಟೆಲಿನವನನ್ನೂ ಕರೆದೆ.

ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಬದುವಿನ ಮೇಲೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಹೋಟೆಲಿನವ ಹೆಂಡತಿ ಮಕ್ಕಳೊಡನೆ ಬಂದಿದ್ದ. ನನ್ನವಳು ಸೆರಗು ಸಿಕ್ಕಿಸಿಕೊಂಡು ಪಂಕ್ತಿಯ ಮೇಲೆ ಪಂಕ್ತಿ ಬಡಿಸಿದಳು. ಅವಳ ಅಣ್ಣ ಮೂರನೆಯ ಸಲ ತಟ್ಟೆ ಚಾಚಿದಾಗ, “ಖಾಲಿ ಹೊಟ್ಟಿ ಭಾಳ ದೊಡ್ಡದೈತಿ ನಿಂದು” ಎಂದು ನಗುತ್ತ ಇನ್ನೊಂದು ಸೌಟು ಸುರಿದಳು.

ಎಲ್ಲರೂ ಎದ್ದ ಮೇಲೆ ಯಜಮಾನನ ಗತ್ತಿನಲ್ಲಿ ನಾನು ಕೂತೆ. ಹೆಂಡತಿ ಗಡಿಗೆ ಬಗ್ಗಿಸಿ ತೋರಿಸಿದಳು. ನನಗೆ ಭಜ್ಜಿ ಉಳಿದಿರಲಿಲ್ಲ.