ಅವ್ವನನ್ನೇ ಕೇಳಿದ ನರ್ಸಬಾಯಾರು

ಅರವತ್ತರ ದಶಕದಲ್ಲಿ ಹಿರೇಕೆರೂರಿನ ದವಾಖಾನೆಯಲ್ಲಿ ಒಬ್ಬ ನರ್ಸಬಾಯಾರಿದ್ದರು. ರೋಗಿಯ ಎದುರು ನಿಂತು ಅವರು ಎಂದೂ ಮಾತಾಡಿದವರಲ್ಲ. ನೆಲದ ಮೇಲಾದರೂ ಸರಿ, ಪಕ್ಕದಲ್ಲಿ ಕುಳಿತೇ ಹೇಳುವರು. ಹೇಳಿ ಮುಗಿಸಿದಾಗಲೆಲ್ಲ, "ತಿಳೀಲಿಲ್ಲಂದ್ರ ಮತ್ತ ಕೇಳ್ರಿ" ಎನ್ನುವರು.

ನನ್ನ ಅವ್ವನಿಗೆ ಕ್ಷಯವಾದಾಗ ಮಾಸೂರಿನ ನಮ್ಮ ಮನೆಗೂ ಬಂದು, ಅವಳು ಮಲಗಿದ್ದ ಕೌದಿಯ ಅಂಚಿನಲ್ಲಿ ಕುಳಿತರು. ದೊಡ್ಡ ದವಾಖಾನೆಯವರು ಕ್ಷಯದ ಹೊಸ ಗುಳಿಗೆಯೊಂದನ್ನು ಪರೀಕ್ಷೆ ಮಾಡುವವರಿದ್ದರು.

"ಕೆಲವರಿಗೆ ಹಳೇ ಔಷಧ, ಕೆಲವರಿಗೆ ಹೊಸಾದು ಕೊಡ್ತಾರ. ಯಾರಿಗೆ ಯಾವುದು ಅಂತ ಚೀಟಿ ಎತ್ತಿ ನೋಡ್ತಾರ."

"ಹೊಸಾದು ಚಲೋ ಐತೇನ್ರಿ?" ಅಪ್ಪ ಕೇಳಿದ.

"ಗೊತ್ತಿಲ್ಲರಿ. ಅದನ್ನ ತಿಳಕೊಳ್ಳಾಕನ ಈ ಪರೀಕ್ಷೆ."

ಅಪ್ಪನಿಗೆ ಸಿಟ್ಟು ಬಂತು. "ನನ್ನ ಹೇಣ್ತಿ ಮ್ಯಾಲೆ ಪರೀಕ್ಷೆ ಬ್ಯಾಡ್ರಿ."

ನರ್ಸಬಾಯಾರು ಅವ್ವನ ಕಡೆ ತಿರುಗಿದರು. "ನೀವೇನಂತೀರಿ? ಒಲ್ಲೆ ಅಂದ್ರೂ ಹಳೇ ಔಷಧ ಕೊಟ್ಟ ಕೊಡ್ತೇವಿ. ಬ್ಯಾಡನಿಸಿದ್ರ ನಡುವ ಬಿಡಾಕೂ ಬರ್ತೈತಿ."

ನಮ್ಮ ಮನೆಯಲ್ಲಿ ಅವ್ವನನ್ನು ಹಾಗೆ ಕೇಳಿದವರು ಅವರೇ ಮೊದಲು. ಅವ್ವ ಎದ್ದು ಕುಳಿತು, "ಪರೀಕ್ಷೆಗೆ ಬರ್ತೇನ್ರಿ" ಅಂದಳು.

ಚೀಟಿಯಲ್ಲಿ ಅವಳಿಗೆ ಹಳೆಯ ಔಷಧವೇ ಬಂತು. ನಿಧಾನವಾಗಿ ಗುಣವಾದಳು. ಪರೀಕ್ಷೆ ಮುಗಿದ ಮೇಲೆ ಫಲಿತಾಂಶ ಹೇಳಲು ನರ್ಸಬಾಯಾರು ಮತ್ತೆ ಬಂದರು.

"ಹೊಸ ಗುಳಿಗಿ ಲಗೂನ ಆರಾಮ ಮಾಡ್ತೈತ್ರಿ. ನೀವು ಹಳೇದು ತಗೊಂಡಿದ್ದಕ್ಕ ಹೋಲಿಸಿ ನೋಡಾಕಾತು. ಇನ್ನ ಎಲ್ಲಾರಿಗೂ ಹೊಸಾದು ಕೊಡ್ತಾರ."

ಮರುದಿನ ಕೆರೆಯ ದಂಡೆಯಲ್ಲಿ, ಶಾಲೆಯ ಮೆಟ್ಟಿಲು ಹತ್ತದ ನನ್ನ ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: "ಆ ಗುಳಿಗಿನ್ನ ಪಾಸ್ ಮಾಡಿದವರೊಳಗ ನಾನೂ ಒಬ್ಬಾಕಿ!"