ಸಾಹುಕಾರರಿಗೆ ಬರೆದುಕೊಟ್ಟ ಬನ್ನಿ ಶುಭಾಶಯ

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಾಗ ಫೋನು ಗುಂಯ್ ಎಂದಿತು. ದಸರೆಯ ಶುಭಾಶಯ. ಮೂಲೆಯಲ್ಲಿ ಬೆರಳಷ್ಟು ದೇವಿ, ನಡುವೆ ದೊಡ್ಡದಾಗಿ ಕೈಮುಗಿದು ನಿಂತ ನಾಯಕರು. ಕೆಳಗೆ, 'ನಮ್ಮವರು ನಮ್ಮವರಿಗೆ ಬನ್ನಿ ಕೊಟ್ಟು ಬಂಗಾರದಂತೆ ಬಾಳೋಣ.' ನಿಮ್ಮ ಫೋನಿಗೂ ಬಂದಿರಬೇಕು. ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ಪಕ್ಷದವರೂ ಇದನ್ನು ಬಿಟ್ಟಿಲ್ಲ. ಈ ವಾಕ್ಯ ಬರೆದವನು ನಾನು.

ಬೈಲಹೊಂಗಲದಲ್ಲಿ ಕನ್ನಡ ಮಾಸ್ತರನಾಗಿದ್ದೆ. ನಿವೃತ್ತನಾದ ಮೇಲೆ ಮಾಸ್ತರನ ಮಾತನ್ನು ಮನೆಯಲ್ಲೂ ಯಾರೂ ಕೇಳುವುದಿಲ್ಲ, ನೋಡಿ. ಅಂಥ ಹೊತ್ತಿನಲ್ಲಿ ಚುನಾವಣೆಗೆ ನಿಲ್ಲಲಿದ್ದ ಸಾಹುಕಾರರೊಬ್ಬರು ಹಬ್ಬಹಬ್ಬಕ್ಕೂ ಬ್ಯಾನರಿಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಬಸವ ಜಯಂತಿ, ರಮಜಾನ್, ದೀಪಾವಳಿ, ಎಲ್ಲಕ್ಕೂ ಬರೆದೆ. ಸರ್ಕಲ್ಲಿನಲ್ಲಿ ತೂಗುವ ನನ್ನ ಮಾತುಗಳ ಕೆಳಗೆ ಸುಮ್ಮನೆ ಎರಡು ಸಲ ಓಡಾಡುತ್ತಿದ್ದೆ, ಯಾರಾದರೂ ಓದುತ್ತಾರೇನೋ ಎಂದು.

ಒಂದು ದಸರೆಗೆ 'ಎಲ್ಲರೂ ಎಲ್ಲರಿಗೆ' ಎಂದು ಬರೆದಿದ್ದೆ. ಸಾಹುಕಾರರ ಕಡೆಯವನು ತಲೆ ಕೆರೆದುಕೊಂಡ.

"ಎಲ್ಲಾರೂ ಅನ್ನೂದು ಬ್ಯಾಡ್ರಿ ಸರ್, ನಮ್ಮವರು ಅಂತ ಹಾಕ್ರಿ. ಈ ಸಲ ಓಟಿನ ಗಾಳಿ ಬ್ಯಾರೆ ಐತಿ. ರಮಜಾನದ್ದೂ ಇನ್ನ ಮುಂದ ಬರಿಯೂದು ಬ್ಯಾಡ."

ನಾನು ಜಗಳವಾಡಲಿಲ್ಲ. ಎರಡು ಪದ ಬದಲಿಸಿದೆ. ಕಿವಿಗೆ ಇದೇ ಇನ್ನೂ ಚೆನ್ನಾಗಿದೆ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಇಂಥ ಮುಠ್ಠಾಳನನ್ನು ನೀವು ಬೇರೆಲ್ಲೂ ಕಂಡಿರಲಾರಿರಿ.

ಆ ಬ್ಯಾನರಿನ ಎದುರಿಗೇ ನನ್ನ ಗೆಳೆಯ ದಸ್ತಗೀರನ ಟೇಲರ್ ಅಂಗಡಿ. ಮೂವತ್ತು ವರ್ಷ ಬನ್ನಿ ಹಬ್ಬದ ಸಂಜೆ ಅವನು ತಪ್ಪದೆ ಮನೆಗೆ ಬರುತ್ತಿದ್ದ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಾಸ್ತರ" ಎಂದು ಎಲೆ ಕೈಗಿಡುತ್ತಿದ್ದ. ನಾನೂ ಕೊಡುತ್ತಿದ್ದೆ, ವರ್ಷದ ಮಾತುಮುನಿಸೆಲ್ಲ ಅಲ್ಲಿಗೆ ಮುಗಿಯುತ್ತಿತ್ತು. ರಮಜಾನಿಗೆ ಅವನ ಮನೆಯ ಸುರಕುಂಬಾ ಪಾಯಸ ನನಗೆ. 'ನಮ್ಮವರು' ಬ್ಯಾನರ್ ಕಟ್ಟಿದ ವರ್ಷ ಅವನು ಬರಲಿಲ್ಲ. ಮರುವರ್ಷವೂ ಇಲ್ಲ. ಬ್ಯಾನರ್ ಓದಿ ನೊಂದಿದ್ದಾನೆ, ಬರೆದವನು ನಾನೆಂದು ಅವನಿಗೇನು ಗೊತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆದರೆ ಇವತ್ತು ಮತ್ತೆ ಆ ವಾಕ್ಯ ಕಂಡಾಗ ತಡೆಯಲಾಗಲಿಲ್ಲ. ಸಂಜೆ ಬನ್ನಿ ಹಿಡಿದು ಅಂಗಡಿಗೆ ಹೋದೆ. ಅದನ್ನು ಬರೆದದ್ದು ನಾನೇ ಎಂದುಬಿಟ್ಟೆ.

ದಸ್ತಗೀರ ಮಷೀನು ನಿಲ್ಲಿಸಿದ. "ಗೊತ್ತೈತ್ರಿ. ನನ್ನ ಮಗಳು ನಿಮ್ಮ ಕಡೇನ ಕಲತಾಕಿ ಅಲ್ಲೇನ್ರಿ? ಓದಿದ ಕೂಡಲೇ, ಇದು ನಮ್ಮ ಸರ್ ಬರದದ್ದು ಅಂದ್ಳು. ಬ್ಯಾರೇದವರು ಯಾರರ ಬರದಿದ್ರ ನಾ ಅವತ್ತ ಸಂಜಿಗೂ ಬರತಿದ್ನ್ರಿ."

ನನಗೆ ಅಳು ಬಂತು. ಬನ್ನಿ ಚಾಚಿದೆ. ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಕೊಟ್ಟದ್ದರಲ್ಲೇ ಎರಡೆಲೆ ಕಿತ್ತು ಮರಳಿ ಕೊಡುವುದು ನಮ್ಮ ಕಡೆಯ ರೂಢಿ. ಕೈ ಮುಂದೆ ಮಾಡಿಕೊಂಡು ನಿಂತೇ ಇದ್ದೆ. ಅವನು ಬನ್ನಿಯನ್ನು ಪಕ್ಕಕ್ಕಿಟ್ಟು ಮಷೀನು ತುಳಿಯತೊಡಗಿದ.